ಆಕಾಶದ ಕಣ್ಣಿಗೆ ಬದುವಿನ ಸಾಕ್ಷಿ ಬೇಕು

ಹೊಸಪೇಟೆ, ಹಂಪಿ, ಕಂಪ್ಲಿ ಮತ್ತು ಸಂಡೂರು ಒಂದಕ್ಕೊಂದು ಹತ್ತಿರದ ಊರುಗಳಾದರೂ ಇಲ್ಲಿಯ ಬೇಸಾಯ ಒಂದೇ ಬಗೆಯದಲ್ಲ. ಹೊಸಪೇಟೆ ಮತ್ತು ಹಂಪಿಯ ಸುತ್ತ ವಿಜಯನಗರದ ಅರಸರ ಕಾಲದ ರಾಯ, ಬಸವಣ್ಣ, ಬೆಲ್ಲ ಹಾಗೂ ತುರ್ತು ಕಾಲುವೆಗಳ ಕೆಳಗೆ ಇಂದಿಗೂ ಬಾಳೆ, ಕಬ್ಬು, ಭತ್ತ ಬೆಳೆಯುತ್ತವೆ. ಕಂಪ್ಲಿಯ ಕಡೆಗೆ ಹೋದಂತೆ ಭತ್ತದ ಗದ್ದೆಗಳೇ ಕಣ್ಣು ತುಂಬುತ್ತವೆ. ಸಂಡೂರಿನ ಗುಡ್ಡಗಳ ಮಗ್ಗುಲಿಗೆ ಬಂದರೆ ಮುಗಿಲನ್ನೇ ನಂಬಿದ ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಗಳು ಕಾಣುತ್ತವೆ. ಒಂದು ಕಡೆ ಕಾಲುವೆಯ ನೀರು ಯಾವಾಗ ಬಂದೀತೆಂಬ ಚಿಂತೆಯಾದರೆ, ಇನ್ನೊಂದು ಕಡೆ ಮಳೆ ಯಾವಾಗ ಬಂದೀತೆಂಬ ಚಿಂತೆ.

ಈಗ ಈ ಎರಡೂ ಬಗೆಯ ರೈತರಿಗೆ ಒಂದೇ ಮಾತು ಕೇಳಿಬರುತ್ತಿದೆ. ಉಪಗ್ರಹಗಳು ಹೊಲವನ್ನು ಮೇಲಿನಿಂದ ನೋಡುತ್ತವೆ, ಕೈಯಲ್ಲಿರುವ ಮೊಬೈಲ್ ಫೋನು ಸಲಹೆ ಕೊಡುತ್ತದೆ, ಡ್ರೋನು ಔಷಧಿ ಸಿಂಪಡಿಸುತ್ತದೆ, ಆದ್ದರಿಂದ ಆದಾಯ ಹೆಚ್ಚುತ್ತದೆ ಎಂಬುದೇ ಆ ಮಾತು. ಇದರಲ್ಲಿ ಸತ್ಯಾಂಶವಿದೆ. ಆದರೆ ಮೊದಲ ಮೂರು ಮಾತುಗಳಿಗೂ ಕೊನೆಯ ಮಾತಿಗೂ ನಡುವೆ ಒಂದು ದೊಡ್ಡ ಹಳ್ಳವಿದೆ. ಆ ಹಳ್ಳಕ್ಕೆ ಸೇತುವೆ ಕಟ್ಟುವವರು ಯಾರು, ಹೇಗೆ ಎಂಬುದನ್ನು ರೈತ ಬಾಂಧವರು ಕೇಳಬೇಕಾದ ಕಾಲ ಬಂದಿದೆ. ಈ ಲೇಖನದ ಉದ್ದೇಶವೂ ಅದೇ.

ಉಪಗ್ರಹ ನಮಗೆ ಹೊಸದಲ್ಲ

ಉಪಗ್ರಹ ಮತ್ತು ಬೇಸಾಯದ ನಂಟು ನಿನ್ನೆ ಮೊನ್ನೆಯದೆಂದು ಹಲವರು ತಿಳಿದಿದ್ದಾರೆ. ನಮ್ಮ ಭಾಗದಲ್ಲಿ ಅದಕ್ಕೆ ಐವತ್ತು ವರ್ಷಗಳ ಹಿನ್ನೆಲೆಯುಂಟು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು, ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಕಾರ್ಯಕ್ರಮ ತಲುಪಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ರಾಯಚೂರು, ಗುಲಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳು. ಕಂಪ್ಲಿಯಿಂದ ಹೊಳೆ ದಾಟಿದರೆ ಸಿಗುವ ಗಂಗಾವತಿ ಅಂದು ರಾಯಚೂರು ಜಿಲ್ಲೆಗೇ ಸೇರಿತ್ತು. ಹಳ್ಳಿಯ ಶಾಲೆಯ ಮುಂದೆ ತಂತಿಬಲೆಯ ದೊಡ್ಡ ಬುಟ್ಟಿಯಂಥ ಸಾಧನ ನಿಲ್ಲಿಸಿ, ಸಂಜೆ ಊರ ಜನರೆಲ್ಲ ಕುಳಿತು ಬೇಸಾಯ, ಆರೋಗ್ಯಗಳ ಕಾರ್ಯಕ್ರಮಗಳನ್ನು ನೋಡಿದರು.

ಆ ಪ್ರಯೋಗದಿಂದ ಕಲಿಯಬೇಕಾದ ಪಾಠವೊಂದಿದೆ. ವರ್ಷ ಮುಗಿದೊಡನೆ ಆ ಉಪಗ್ರಹವನ್ನು ಅದರ ಒಡೆಯರು ಬೇರೆ ಕಡೆಗೆ ಒಯ್ದರು, ನೇರ ಪ್ರಸಾರ ನಿಂತಿತು. ಇನ್ನೊಬ್ಬರ ಸೊತ್ತನ್ನು ನೆಚ್ಚಿದ ಸೇವೆ ಅವರ ಅನುಕೂಲ ಮುಗಿಯುವವರೆಗೆ ಮಾತ್ರ. ಇಂದು ಉಚಿತವಾಗಿ ದೊರೆಯುವ ಅನೇಕ ಖಾಸಗಿ ಮೊಬೈಲ್ ಆ್ಯಪ್‌ಗಳ ವಿಷಯದಲ್ಲೂ ಈ ಎಚ್ಚರ ಇರಬೇಕು.

ಉಪಗ್ರಹದ ಇನ್ನೊಂದು ಉಪಯೋಗ ಮೇಲಿನಿಂದ ಬೆಳೆಯನ್ನು ನೋಡುವುದು. ನಮ್ಮ ದೇಶದಲ್ಲಿ ಇದರ ಬೀಜ ಬಿದ್ದದ್ದು ತೆಂಗಿನ ತೋಟದಲ್ಲಿ. 1970ರ ಸುಮಾರಿಗೆ ಕೇರಳದಲ್ಲಿ ತೆಂಗಿನ ಬೇರು ಸೊರಗು ರೋಗವನ್ನು ಗುರುತಿಸಲು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಯಲಾಯಿತು. ವಿಜ್ಞಾನಿ ಪಿಶಾರಟಿಯವರು ಇದರ ಮುಂದಾಳು. 1988ರ ಮಾರ್ಚ್ 17ರಂದು ಭಾರತದ ಮೊದಲ ಕಾರ್ಯಾಚರಣಾ ಮಟ್ಟದ ದೂರಸಂವೇದಿ ಉಪಗ್ರಹ ಐ.ಆರ್.ಎಸ್.-1ಎ ಆಕಾಶಕ್ಕೇರಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿಯ ಕಡೆಯ ಅದಮಾರಿನವರಾದ ಯು.ಆರ್. ರಾವ್ ಅವರು. ಅಂದಿನಿಂದ ನಮ್ಮ ಹೊಲಗಳ ಚಿತ್ರ ನಮ್ಮದೇ ಉಪಗ್ರಹಗಳಿಂದ ಸಿಗುತ್ತಿದೆ.

ಮೇಲಿನಿಂದ ಏನು ಕಾಣುತ್ತದೆ, ಏನು ಕಾಣದು?

ಹಸಿರೆಲೆ ಸೂರ್ಯನ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಬೆಳೆ ಸೊಂಪಾಗಿದ್ದಷ್ಟೂ ಈ ಎರಡರ ಅಂತರ ಹೆಚ್ಚು. ಬೆಳೆ ಸೊರಗಿದಂತೆ ಅಂತರ ಇಳಿಯುತ್ತದೆ. ಉಪಗ್ರಹವು ಈ ಅಂತರವನ್ನೇ ಅಳೆಯುತ್ತದೆ. ಬಿತ್ತನೆಯಾದ ಪ್ರದೇಶವೆಷ್ಟು, ನಾಟಿ ಯಾವ ವಾರ ಮುಗಿಯಿತು, ಯಾವ ಭಾಗದಲ್ಲಿ ಬೆಳೆ ಒಣಗುತ್ತಿದೆ, ಜಲಾಶಯದ ನೀರು ಎಲ್ಲಿಯವರೆಗೆ ಹರಡಿದೆ ಎಂಬುದೆಲ್ಲ ಈ ರೀತಿಯಲ್ಲಿ ತಿಳಿಯುತ್ತದೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು ಐದು ದಿನಗಳಿಗೊಮ್ಮೆ ಒಂದೇ ಜಾಗವನ್ನು ನೋಡುತ್ತವೆ. ಅವುಗಳ ಚಿತ್ರ ಯಾರಿಗಾದರೂ ಉಚಿತ. ಅವುಗಳ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲದ ತುಂಡು. ಒಂದು ಎಕರೆ ಗದ್ದೆ ಆ ಚಿತ್ರದಲ್ಲಿ ಸುಮಾರು 40 ಚುಕ್ಕೆಗಳಾಗುತ್ತದೆ. ಗದ್ದೆಯ ಒಂದು ಮೂಲೆ ಸೊರಗಿದ್ದರೆ ಗೊತ್ತುಮಾಡಲು ಇಷ್ಟು ಸಾಕು. ಆದರೆ ಬದುವಿನಂಚಿನ ಚುಕ್ಕೆಯಲ್ಲಿ ನಿಮ್ಮ ಭತ್ತವೂ ನೆರೆಯವರ ಬಾಳೆಯೂ ಬೆರೆತಿರುತ್ತವೆ ಎಂಬುದನ್ನು ಮರೆಯಬಾರದು.

ಇದಕ್ಕೆ ಇನ್ನೂ ಎರಡು ಮಿತಿಗಳಿವೆ. ಮೊದಲನೆಯದು ಮೋಡ. ಮುಂಗಾರಿನಲ್ಲಿ, ಅಂದರೆ ಚಿತ್ರ ಬಹಳವಾಗಿ ಬೇಕಾದ ತಿಂಗಳುಗಳಲ್ಲೇ, ಮೋಡ ಅಡ್ಡ ಬರುತ್ತದೆ. ಇದಕ್ಕೆ ಪರಿಹಾರವೆಂದರೆ ಮೋಡವನ್ನು ತೂರಿ ನೋಡುವ ರೇಡಾರ್ ಉಪಗ್ರಹಗಳು. 2022ರ ಫೆಬ್ರವರಿಯಲ್ಲಿ ಹಾರಿದ ಇ.ಒ.ಎಸ್.-04 ಮತ್ತು 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಭಾರತ-ಅಮೆರಿಕ ಜಂಟಿ ಉಪಗ್ರಹ ನಿಸಾರ್ ಈ ಜಾತಿಯವು. ಎರಡನೆಯ ಮಿತಿ ಇನ್ನೂ ಮುಖ್ಯವಾದದ್ದು. ಬೆಳೆ ಹಳದಿಯಾಗಿದೆ ಎಂದು ಉಪಗ್ರಹ ಹೇಳಬಲ್ಲದು. ಏಕೆ ಹಳದಿಯಾಗಿದೆ ಎಂದು ಅದೊಂದೇ ಹೇಳಲಾರದು. ಸಾರಜನಕ ಸಾಲದೆ ಬಂದ ಹಳದಿಯೋ, ಸತುವಿನ ಕೊರತೆಯೋ, ಕಂದು ಜಿಗಿಹುಳುವಿನ ಹಾವಳಿಯೋ, ಸವುಳು ಏರಿದ್ದೋ ಎಂಬುದನ್ನು ಗದ್ದೆಗಿಳಿದು, ಬುಡ ಬಿಡಿಸಿ ನೋಡಿದವರೇ ಹೇಳಬೇಕು. ಕಾರಣ ತಿಳಿಯದೆ ಯೂರಿಯಾ ಎರಚಿದರೆ, ಜಿಗಿಹುಳುವಿಗೆ ಔತಣವಿಟ್ಟಂತೆ.

ಆದ್ದರಿಂದ ಮೊದಲ ಮಾತು ಇದು. ಮೇಲಿನ ಕಣ್ಣು ಎಲ್ಲಿ ನೋಡಬೇಕೆಂದು ಬೆರಳು ತೋರಿಸುತ್ತದೆ. ನೋಡುವ ಕೆಲಸ ಒಕ್ಕಲಿಗನದು ಮತ್ತು ಅವನ ನೆರವಿಗೆ ಬರಬೇಕಾದ ವಿಸ್ತರಣಾ ಕಾರ್ಯಕರ್ತರದು.

ಕಾಲುವೆಯ ನೀರಿಗೂ ಲೆಕ್ಕ ಬೇಕು

ನಮ್ಮ ಭಾಗದಲ್ಲಿ ಈ ತಂತ್ರಜ್ಞಾನದಿಂದ ಬಹಳ ದೊಡ್ಡ ಲಾಭ ಆಗಬೇಕಾದದ್ದು ಕಾಲುವೆ ನೀರಿನ ಹಂಚಿಕೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದ ಮೊದಲಿನ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಹೂಳು ತುಂಬಿದ್ದರಿಂದ 2016ರ ಸಮೀಕ್ಷೆಯ ಪ್ರಕಾರ ಅದು 105.788 ಟಿ.ಎಂ.ಸಿ.ಗೆ ಇಳಿದಿದೆ. ಅಂದರೆ ಸುಮಾರು 27 ಟಿ.ಎಂ.ಸಿ. ನೀರಿನ ಜಾಗವನ್ನು ಹೂಳು ನುಂಗಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿ ಒಂದು ವಾರದಲ್ಲಿ ಅದನ್ನು ನಿಲ್ಲಿಸಲಾಯಿತು. ಆಮೇಲೆ 2025ರಲ್ಲಿ ಸುರಕ್ಷತೆಗಾಗಿ ಜಲಾಶಯವನ್ನು 80 ಟಿ.ಎಂ.ಸಿ.ಗೆ ಮಿತಗೊಳಿಸಿದರು. ಗೇಟುಗಳನ್ನು ಬದಲಿಸುವ ಸಲುವಾಗಿ 2025-26ರ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವೂ ಆಯಿತು. ನೀರು ಕಡಿಮೆಯಾದಷ್ಟೂ ಹಂಚಿಕೆಯ ಪ್ರಶ್ನೆ ಹರಿತವಾಗುತ್ತದೆ.

ಆ ಆಗಸ್ಟ್ ತಿಂಗಳಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಜಲಾಶಯದ ಒಳಹರಿವು, ಹೊರಹರಿವು, ಮಟ್ಟ ಇವುಗಳ ಅಂಕಿಗಳು ದಿನವೂ ಪ್ರಕಟವಾಗುತ್ತವೆ. ಆ ದಿನಗಳಲ್ಲಿ ಹಳ್ಳಿಯ ಕಟ್ಟೆಯ ಮೇಲೂ, ಹೋಟೆಲಿನಲ್ಲೂ ಈ ಅಂಕಿಗಳೇ ಮಾತಾಗಿದ್ದವು. ರೈತನಿಗೆ ಅಂಕಿಅಂಶ ಅರ್ಥವಾಗದು ಎನ್ನುವವರಿಗೆ ಇದೇ ಉತ್ತರ. ತನ್ನ ಅನ್ನಕ್ಕೆ ಸಂಬಂಧಿಸಿದ ಅಂಕಿಯನ್ನು ಯಾವ ರೈತನೂ ಅಲಕ್ಷಿಸುವುದಿಲ್ಲ. ಆದರೆ ಜಲಾಶಯದ ಬಾಗಿಲಲ್ಲಿ ಸಿಗುವ ಲೆಕ್ಕ ತನ್ನ ವಿತರಣಾ ನಾಲೆಯ ಬಾಗಿಲಲ್ಲೂ ಅಷ್ಟೇ ಸುಲಭವಾಗಿ ಸಿಗಬೇಕಲ್ಲವೇ? ಕೊನೆಯ ತೂಬಿನ ರೈತನಿಗೆ ಬೇಕಾದದ್ದು ತನ್ನ ನಾಲೆಯಲ್ಲಿ ಇಂದು ಎಷ್ಟು ನೀರು ಹರಿಯುತ್ತಿದೆ, ನಾಳೆ ಎಷ್ಟು ಬರುತ್ತದೆ ಎಂಬ ಮಾತು.

ಇದು ಆಗದ ಕೆಲಸವಲ್ಲ. ಕೃಷ್ಣಾ ಕೊಳ್ಳದ ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸಿ ಹರಿವನ್ನು ಅಳೆಯುವ ವ್ಯವಸ್ಥೆಯನ್ನು ನವೀಕರಣದ ಜೊತೆಗೆ ಅಳವಡಿಸಿ 2023ರ ಜನವರಿಯಲ್ಲಿ ಉದ್ಘಾಟಿಸಲಾಗಿದೆ. ಇನ್ನು ಭದ್ರಾ ಅಚ್ಚುಕಟ್ಟಿನ ವಿಷಯ. 1997ರಲ್ಲಿ ಕೊಲಂಬೋದ ಅಂತರರಾಷ್ಟ್ರೀಯ ನೀರಾವರಿ ನಿರ್ವಹಣಾ ಸಂಸ್ಥೆ ಪ್ರಕಟಿಸಿದ ಅಧ್ಯಯನದಲ್ಲಿ, ಉಪಗ್ರಹ ಚಿತ್ರಗಳನ್ನೂ ಬೆಳೆ ಕಟಾವು ಪ್ರಯೋಗದ ಲೆಕ್ಕಗಳನ್ನೂ ಕೂಡಿಸಿ, ಭದ್ರಾ ಕಾಲುವೆಗಳ ಕೆಳಗೆ ಎಲ್ಲಿ ಎಷ್ಟು ಭತ್ತ, ಎಲ್ಲಿ ಇಳುವರಿ ಕಡಿಮೆ ಎಂದು ಗುರುತಿಸಿದರು. ಸುಮಾರು ಮೂವತ್ತು ವರ್ಷಗಳ ಹಿಂದೆ, ಇಂದಿಗಿಂತ ಮಸುಕಾದ ಚಿತ್ರಗಳಿಂದ ಆದ ಕೆಲಸ ಇಂದು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಪ್ರತಿ ಹಂಗಾಮಿನಲ್ಲೂ ಆಗಬಾರದೇಕೆ?

ಇಲ್ಲೊಂದು ಕಹಿ ಮಾತನ್ನೂ ಹೇಳಲೇಬೇಕು. ತುಂಗಭದ್ರಾ ಯೋಜನೆ ರೂಪುಗೊಂಡಾಗ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಗೊತ್ತುಪಡಿಸಿದ್ದರು. ಹೆಚ್ಚಿನ ಭಾಗ ಅರೆನೀರಾವರಿ ಬೆಳೆಗಳಿಗೆ ಮೀಸಲು. ಆದರೆ ಕಾಲುವೆಯ ಮೊದಲ ಭಾಗದಲ್ಲಿ ಭತ್ತ ಹಬ್ಬಿತು, ಕೊನೆಯ ಭಾಗ ಬಾಯಾರಿತು. ಉಪಗ್ರಹ ಈ ಸಂಗತಿಯನ್ನು ಯಾರ ಮುಲಾಜೂ ಇಲ್ಲದೆ ತೋರಿಸುತ್ತದೆ. ಮೇಲಿನ ರೈತರಿಗೆ ಇದು ರುಚಿಸದಿರಬಹುದು. ಆದರೆ ಸವುಳು-ಜವುಳಿನ ನಕ್ಷೆ ನೋಡಿದರೆ ಅವರ ಹಿತವೂ ಇದರಲ್ಲೇ ಇದೆ ಎಂದು ಮನವರಿಕೆಯಾಗುತ್ತದೆ. ಅತಿ ನೀರು ನಿಂತು ಬಸಿಯದ ಎರೆ ಭೂಮಿಯಲ್ಲಿ ಉಪ್ಪು ಮೇಲೇರಿ ಬೆಳ್ಳಗೆ ಹರಡುತ್ತದೆ. ಆ ಬಿಳಿ ತೇಪೆ ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಎದ್ದು ಕಾಣುತ್ತದೆ. ಹತ್ತು ವರ್ಷಗಳ ಬೇಸಿಗೆಯ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ, ಸವುಳು ಯಾವ ದಿಕ್ಕಿನಿಂದ ಯಾರ ಹೊಲದ ಕಡೆ ನಡೆದು ಬರುತ್ತಿದೆ ಎಂದು ಗುರುತಿಸಬಹುದು. ಭೂಗತ ಬಸಿಗಾಲುವೆ ಎಲ್ಲಿ ಬೇಕೆಂದು ಹುಡುಕಲು ಇದಕ್ಕಿಂತ ಅಗ್ಗದ ದಾರಿ ಬೇರಿಲ್ಲ. ಸವುಳು ಭೂಮಿಯ ಸುಧಾರಣೆಯಲ್ಲಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಬಹುಕಾಲದ ಅನುಭವವಿದೆ. ನಕ್ಷೆ ಮತ್ತು ಅನುಭವ ಎರಡೂ ಕೂಡಿದರೆ ಕೆಲಸ ಸಲೀಸು.

ಸಂಡೂರಿನ ಮಳೆಯಾಶ್ರಯದಲ್ಲಿ

ಮಳೆಯಾಶ್ರಿತ ರೈತನಿಗೆ ಕೋಟಿ ರೂಪಾಯಿಯ ಯಂತ್ರಕ್ಕಿಂತ ಒಂದು ಸರಿಯಾದ ಮಾತು ಮೇಲು. ಆ ಮಾತು ಬಿತ್ತನೆಯ ದಿನ. ಮೊದಲ ಮಳೆಗೇ ಕೂರಿಗೆ ಹೂಡಿ, ಆಮೇಲೆ ಇಪ್ಪತ್ತು ದಿನ ಮಳೆ ಬಾರದಿದ್ದರೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಮಣ್ಣುಪಾಲು.

ನಮ್ಮ ನೆರೆಯ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ 2016ರಲ್ಲಿ ಇಕ್ರಿಸ್ಯಾಟ್ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ ಕಂಪನಿ ಸೇರಿ ಒಂದು ಪ್ರಯೋಗ ನಡೆಸಿದವು. ಹಿಂದಿನ ದಶಕಗಳ ಹವಾಮಾನದ ಲೆಕ್ಕ ಹಾಗೂ ಮುನ್ಸೂಚನೆಗಳನ್ನು ಕೂಡಿಸಿ, ಶೇಂಗಾ ಬಿತ್ತಲು ತಕ್ಕ ವಾರ ಯಾವುದೆಂದು 175 ರೈತರಿಗೆ ತೆಲುಗಿನಲ್ಲಿ ಸಾದಾ ಫೋನಿಗೆ ಸಂದೇಶ ಕಳುಹಿಸಿದರು. ಜೂನ್ ಕೊನೆಯ ವಾರದವರೆಗೆ ಕಾಯಿರಿ ಎಂಬುದೇ ಆ ಸಲಹೆಯ ಸಾರ. ಸಲಹೆ ಪಾಲಿಸಿದವರ ಇಳುವರಿ ಸರಾಸರಿ ಶೇಕಡ 30ರಷ್ಟು ಹೆಚ್ಚಾಯಿತೆಂದು ವರದಿಯಾಯಿತು. ಒಂದು ಮಂಡಲದ, ಒಂದು ಹಂಗಾಮಿನ, ಕೆಲವೇ ರೈತರ ಫಲಿತಾಂಶವಿದು. ಅದನ್ನು ಎಲ್ಲ ಕಡೆಗೂ ಎಲ್ಲ ವರ್ಷಕ್ಕೂ ಅನ್ವಯಿಸುವುದು ತರವಲ್ಲ. ಆದರೂ ರೈತ ಖರ್ಚು ಮಾಡಿದ್ದು ಒಂದು ಪೈಸೆಯಿಲ್ಲ, ಕೊಂಡದ್ದು ಒಂದು ಯಂತ್ರವಿಲ್ಲ ಎಂಬುದು ಗಮನಾರ್ಹ. ಸಂಡೂರಿನ ಮಸಾರಿ ಭೂಮಿಯ ಶೇಂಗಾ ರೈತನಿಗೂ ಇಂಥದೇ ಮಾತು ಕನ್ನಡದಲ್ಲಿ ಸಮಯಕ್ಕೆ ಸರಿಯಾಗಿ ಬರಬೇಕು.

ಇದಕ್ಕೆ ಬೇಕಾದ ಅಡಿಪಾಯ ನಮ್ಮಲ್ಲಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಮಳೆ ಅಳೆದು ಕಳುಹಿಸುವ ಮಾಪಕಗಳನ್ನು ನಿಲ್ಲಿಸಿದೆ. ಭಾರತೀಯ ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆ ಎರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹೊರಬರುತ್ತದೆ. 2019ರಿಂದ ಇದೇ ಸಲಹೆ ಮೇಘದೂತ ಎಂಬ ಆ್ಯಪ್‌ನಲ್ಲೂ ದೊರೆಯುತ್ತದೆ. ಆದರೆ ಜಿಲ್ಲೆಗೆಲ್ಲ ಒಂದೇ ಸಲಹೆಯಾದರೆ, ಕಂಪ್ಲಿಯ ಗದ್ದೆಗೂ ಸಂಡೂರಿನ ಬೋರೆಗೂ ಒಂದೇ ಅಳತೆಯ ಅಂಗಿ ಹೊಲಿದಂತಾಗುತ್ತದೆ. ಸಲಹೆ ಹೋಬಳಿಗೆ ಇಳಿಯಬೇಕು, ಮಣ್ಣಿಗೆ ತಕ್ಕಂತಿರಬೇಕು.

ಸಂಡೂರಿನ ಇನ್ನೊಂದು ಸಂಗತಿಯೂ ಇಲ್ಲಿ ಹೇಳುವಂಥದು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ತಡೆಹಿಡಿಯಿತು. ಆಮೇಲೆ ಗಣಿಗಳ ಎಲ್ಲೆಯನ್ನು ಉಪಗ್ರಹ ಸಂಕೇತದ ನೆರವಿನಿಂದ ಅಳೆದು, ಒತ್ತುವರಿಯನ್ನು ಗುರುತಿಸಿ, ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ವರ್ಗದ ಗಣಿ ಗುತ್ತಿಗೆಗಳು ರದ್ದಾದವು. ಗುಡ್ಡದ ಮೇಲಿನ ಗಣಿಯ ಗಡಿಯನ್ನು ಇಷ್ಟು ಕರಾರುವಾಕ್ಕಾಗಿ ಅಳೆಯಬಲ್ಲ ವಿದ್ಯೆ, ಗುಡ್ಡದ ಕೆಳಗಿನ ಹೊಲದ ಬೆಳೆಯ ಮೇಲೆ ಕೂರುವ ಕೆಂಪು ಧೂಳಿನ ನಷ್ಟವನ್ನೂ ವರ್ಷವರ್ಷ ದಾಖಲಿಸಬಹುದು. ಅಂಥ ದಾಖಲೆಯಿದ್ದರೆ ರೈತನ ಪರಿಹಾರದ ಅರ್ಜಿಗೆ ಬೆನ್ನೆಲುಬು ಬಂದಂತೆ.

ದಾಖಲೆಯಲ್ಲಿ ಯಾರ ಹೆಸರು?

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರೋಣ. 2000ದ ಸುಮಾರಿಗೆ ಭೂಮಿ ಯೋಜನೆಯಿಂದ ಪಹಣಿ ಗಣಕಯಂತ್ರಕ್ಕೆ ಬಂತು. ಆಮೇಲೆ ಫ್ರೂಟ್ಸ್ ತಂತ್ರಾಂಶದಲ್ಲಿ ಪ್ರತಿ ರೈತನಿಗೂ ಒಂದು ಗುರುತಿನ ಸಂಖ್ಯೆ ಬಂತು. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಸರ್ವೆ ನಂಬರು, ಹಿಸ್ಸಾವಾರು ಹೊಲದಲ್ಲೇ ನಿಂತು ಬೆಳೆಯ ಚಿತ್ರ ತೆಗೆದು ದಾಖಲಿಸುವ ಪದ್ಧತಿ ಬಂತು. 2020ರಿಂದ ರೈತರೇ ತಮ್ಮ ಬೆಳೆಯನ್ನು ದಾಖಲಿಸಲು ಅವಕಾಶವಾಯಿತು. ಬೆಳೆ ಹಾನಿ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಈಗ ಈ ದಾಖಲೆಯೇ ಆಧಾರ.

ಆದ್ದರಿಂದ ಒಂದು ತಪ್ಪು ನಮೂದಿನ ಬೆಲೆ ಬಹಳ ದುಬಾರಿ. ಹೊಲದಲ್ಲಿ ಭತ್ತವಿದ್ದು ದಾಖಲೆಯಲ್ಲಿ ಬೀಳು ಎಂದಿದ್ದರೆ, ಬೆಂಬಲ ಬೆಲೆಯ ಕೇಂದ್ರದ ಬಾಗಿಲು ಆ ರೈತನಿಗೆ ಮುಚ್ಚಿದಂತೆ. ಬೆಳೆ ನಾಶವಾಯಿತೆಂದು ಎಷ್ಟು ಕೂಗಿದರೂ ಯಂತ್ರ ಕೇಳುವುದು ತನ್ನೊಳಗಿನ ಅಕ್ಷರವನ್ನು ಮಾತ್ರ. ತಪ್ಪಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಈ ಗಡುವಿನ ಸುದ್ದಿಯನ್ನು ಊರೂರಲ್ಲಿ ಡಂಗುರ ಸಾರಿ ತಿಳಿಸುವುದು ಇಲಾಖೆಯ ಕರ್ತವ್ಯವಾಗಬೇಕು.

ಬೆಳೆ ವಿಮೆಯಲ್ಲೂ ಉಪಗ್ರಹ ಕಾಲಿಟ್ಟಿದೆ. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗಗಳಿಂದ ಇಡೀ ಪಂಚಾಯಿತಿಯ ಇಳುವರಿ ನಿರ್ಧಾರವಾಗುತ್ತದೆ. 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ, ಯೋಜನೆಯನ್ನು ಒಪ್ಪಿದ ರಾಜ್ಯಗಳಲ್ಲಿ, ಉಪಗ್ರಹ ಆಧಾರಿತ ಇಳುವರಿ ಅಂದಾಜಿಗೆ ಕನಿಷ್ಠ ಶೇಕಡ 30ರಷ್ಟು ತೂಕ ಕೊಡಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಕಟಾವಿನಲ್ಲಿ ನಡೆಯಬಹುದಾದ ಕೈಚಳಕ ಇದರಿಂದ ತಗ್ಗಬಹುದು, ಇದು ಸ್ವಾಗತಾರ್ಹ. ಆದರೆ ರೈತನಿಗೆ ಕಟಾವು ಪ್ರಯೋಗವನ್ನು ಕಣ್ಣಾರೆ ನೋಡುವ ಅವಕಾಶವಾದರೂ ಇದೆ. ಯಂತ್ರದ ಅಂದಾಜನ್ನು ಅವನು ಎಲ್ಲಿ ಪರೀಕ್ಷಿಸಬೇಕು? ಯಾವ ಚಿತ್ರ, ಯಾವ ದಿನದ್ದು, ಯಾವ ಲೆಕ್ಕದಿಂದ ಇಷ್ಟು ಇಳುವರಿ ಎಂದರು ಎಂಬುದನ್ನು ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ಪರೀಕ್ಷಿಸಲಾಗದ ಅಂದಾಜು, ಎಷ್ಟೇ ಆಧುನಿಕವಾದರೂ, ರೈತನ ಪಾಲಿಗೆ ಹಳೆಯ ಸಾಹುಕಾರನ ವಹಿಯಷ್ಟೇ ಗೂಢ.

ಇನ್ನು ಗುತ್ತಿಗೆ ರೈತನ ಮಾತು. ಕಾಲುವೆಯ ಕೆಳಗೆ ಇನ್ನೊಬ್ಬರ ಗದ್ದೆಯನ್ನು ಬಾಯಿಮಾತಿನ ಗುತ್ತಿಗೆಗೋ ಕೋರಿಗೋ ಮಾಡುವವರು ಅನೇಕರಿದ್ದಾರೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿದ್ದರಿಂದ ಇಂಥ ಗುತ್ತಿಗೆಗೆ ಕಾಗದವಿಲ್ಲ. ಕಾಗದವಿಲ್ಲದ ಮೇಲೆ ಪಹಣಿಯಲ್ಲಿ ಹೆಸರಿಲ್ಲ. ಪಹಣಿಯಲ್ಲಿಲ್ಲದ ಹೆಸರು ಗಣಕಯಂತ್ರಕ್ಕೂ ಇಲ್ಲ. ವರ್ಷಕ್ಕೆ 6000 ರೂಪಾಯಿಯ ಕಿಸಾನ್ ಸಮ್ಮಾನ್ ಸಹಾಯ ಭೂಮಾಲೀಕನಿಗೆ ಹೋಗುತ್ತದೆ. ವಿಮೆಯ ನಿಯಮದಲ್ಲಿ ಗುತ್ತಿಗೆ ರೈತನಿಗೆ ಅವಕಾಶವಿದ್ದರೂ ಕಾಗದ ಕೇಳಿದಾಗ ಅವನ ಕೈ ಖಾಲಿ. ಬಿತ್ತಿದವನು, ಸಾಲ ಮಾಡಿದವನು, ನಷ್ಟ ಉಂಡವನು ಒಬ್ಬ. ಪರಿಹಾರ ಪಡೆದವನು ಇನ್ನೊಬ್ಬ. ಉಪಗ್ರಹ ಬೆಳೆಯನ್ನು ಕಾಣುತ್ತದೆ, ಬೆಳೆದವನನ್ನು ಕಾಣುವುದಿಲ್ಲ.

ಇದು ತಂತ್ರಜ್ಞಾನದ ದೋಷವಲ್ಲ, ಕಾನೂನು ಮತ್ತು ದಾಖಲೆಯ ದೋಷ. ಆದರೆ ಡಿಜಿಟಲ್ ಪದ್ಧತಿ ಬಂದ ಮೇಲೆ ಈ ದೋಷ ಇನ್ನೂ ಗಟ್ಟಿಯಾಗಿದೆ. ಹಿಂದೆ ಊರಿನ ಗ್ರಾಮ ಲೆಕ್ಕಿಗನಿಗೆ ಯಾರು ಉಳುತ್ತಾರೆಂಬುದು ಗೊತ್ತಿತ್ತು, ಮನಸ್ಸಿದ್ದರೆ ನೆರವಾಗುತ್ತಿದ್ದ. ಯಂತ್ರಕ್ಕೆ ಮನಸ್ಸಿಲ್ಲ. ಮಾಲೀಕನ ಹಕ್ಕಿಗೆ ಧಕ್ಕೆ ಬಾರದಂತೆ, ಒಂದು ಹಂಗಾಮಿನ ಮಟ್ಟಿಗೆ ಸಾಗುವಳಿದಾರನ ಹೆಸರನ್ನು ಬೆಳೆ ಸಮೀಕ್ಷೆಯಲ್ಲೇ ಪ್ರತ್ಯೇಕವಾಗಿ ದಾಖಲಿಸುವ ದಾರಿಯನ್ನು ಸರ್ಕಾರ ಕಂಡುಹಿಡಿಯಬೇಕು. ಇದು ಆಗದ ಹೊರತು ರೈತರ ಆದಾಯ ಹೆಚ್ಚಿಸುವ ಮಾತು ಅರ್ಧ ರೈತರಿಗೆ ಮಾತ್ರ ಆಡಿದ ಮಾತಾಗುತ್ತದೆ.

ಆದಾಯ ಎಲ್ಲಿಂದ ಬರುತ್ತದೆ?

ಇಳುವರಿ ಹೆಚ್ಚಿದರೆ ಆದಾಯ ತಾನಾಗಿ ಹೆಚ್ಚುವುದಿಲ್ಲ ಎಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಕರ್ನಾಟಕದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಗಣಕಯಂತ್ರದ ಟೆಂಡರು, 2016ರ ಏಪ್ರಿಲ್ 14ರಿಂದ ರಾಷ್ಟ್ರಮಟ್ಟದ ಇ-ನಾಮ್ ಬಂದಿವೆ. ಇಂದಿನ ಧಾರಣೆ ಎಷ್ಟೆಂದು ಅಂಗೈಯಲ್ಲೇ ತಿಳಿಯಬಹುದು. ಆದರೆ ಧಾರಣೆ ತಿಳಿಯುವುದು ಬೇರೆ, ಆ ಧಾರಣೆಗೆ ಕಾಯುವ ಶಕ್ತಿ ಬೇರೆ. ಕಂಪ್ಲಿಯ ಭತ್ತವನ್ನು ಒಣಗಿಸಿ ಗೋದಾಮಿನಲ್ಲಿಟ್ಟು, ರಸೀದಿಯ ಮೇಲೆ ಅಡಮಾನ ಸಾಲ ಪಡೆದು, ಬೆಲೆ ಏರುವವರೆಗೆ ತಾಳಬಹುದು. ಹೊಸಪೇಟೆಯ ಬಾಳೆಗೊನೆ ಹಾಗೆ ತಾಳುವುದಿಲ್ಲ. ಅದಕ್ಕೆ ಬೇಕಾದದ್ದು ಯಾವ ವಾರ ಎಷ್ಟು ಗೊನೆ ಕಟಾವಿಗೆ ಬರುತ್ತವೆ ಎಂಬ ಮುಂಚಿನ ಲೆಕ್ಕ. ಊರಿನ ಬಾಳೆ ಬೆಳೆಗಾರರು ಕೂಡಿ ತಮ್ಮ ನಾಟಿಯ ತಾರೀಖುಗಳನ್ನು ಒಂದೆಡೆ ಬರೆದಿಟ್ಟರೆ, ಈ ಲೆಕ್ಕ ಸಾದಾ ಫೋನಿನಲ್ಲೇ ಸಿಗುತ್ತದೆ. ಆಗ ವ್ಯಾಪಾರಿಯೊಡನೆ ಒಬ್ಬೊಬ್ಬರಾಗಿ ಬೇಡುವ ಬದಲು ಸಂಘವಾಗಿ ಮಾತಾಡಬಹುದು. ಇದಕ್ಕೆ ಉಪಗ್ರಹವೂ ಬೇಡ, ಒಗ್ಗಟ್ಟು ಸಾಕು.

ಡ್ರೋನಿನ ವಿಷಯವೂ ಇಷ್ಟೇ. ಭತ್ತದ ಗದ್ದೆಯಲ್ಲಿ ಕೆಸರು ತುಳಿಯದೆ ಕೆಲವೇ ನಿಮಿಷಗಳಲ್ಲಿ ಒಂದು ಎಕರೆ ಸಿಂಪಡಿಸಬಹುದು, ಕೂಲಿಯವರ ಮೈಮೇಲೆ ವಿಷ ಬೀಳುವುದೂ ತಪ್ಪುತ್ತದೆ. ಆದರೆ ಎರಡು ಎಕರೆಯವನು ಇದನ್ನು ಕೊಳ್ಳುವುದು ಜಾಣತನವಲ್ಲ. ಸಹಕಾರ ಸಂಘ, ರೈತ ಉತ್ಪಾದಕರ ಸಂಸ್ಥೆ ಅಥವಾ ಮಹಿಳಾ ಸ್ವಸಹಾಯ ಗುಂಪು ಕೊಂಡು ಬಾಡಿಗೆಗೆ ಕೊಡಲಿ. ಪಕ್ಕದ ವೀಳ್ಯದೆಲೆ ತೋಟಕ್ಕೋ ಕೆರೆಗೋ ಔಷಧಿ ಹಾರದಂತೆ ಗಾಳಿ ನೋಡಿ ಸಿಂಪಡಿಸುವ ಶಿಸ್ತನ್ನೂ ಜೊತೆಗೇ ಕಲಿಸಲಿ.

ರೈತ ಬಾಂಧವರು ಈ ಹಂಗಾಮಿನಲ್ಲಿ ಮಾಡಬಹುದಾದದ್ದು

1. ಫ್ರೂಟ್ಸ್ ದಾಖಲೆಯಲ್ಲಿ ನಿಮ್ಮ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಿ. ಬಿಟ್ಟುಹೋದ ಹೊಲಕ್ಕೆ ಪರಿಹಾರವೂ ಬಿಟ್ಟುಹೋಗುತ್ತದೆ.

2. ಬೆಳೆ ಸಮೀಕ್ಷೆಯ ನಮೂದನ್ನು ತಪ್ಪದೆ ನೋಡಿ. ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಿಸಿ. ಬಿತ್ತನೆಯಾದಾಗ, ಹೂವಾದಾಗ, ಕೊಯ್ಲಿಗೆ ಮುಂಚೆ ಹೊಲದ ಚಿತ್ರವನ್ನು ತಾರೀಖು ಸಹಿತ ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.

3. ವಿಮೆ ಮಾಡಿಸಿದವರು ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ಹಾನಿಯಾದಾಗ 72 ಗಂಟೆಗಳೊಳಗೆ ತಿಳಿಸಬೇಕೆಂಬುದನ್ನು ನೆನಪಿಡಿ.

4. ಆ್ಯಪ್ ಹೇಳಿತೆಂದು ಗೊಬ್ಬರ, ಔಷಧಿ ಸುರಿಯಬೇಡಿ. ಔಷಧಿ ಮಾರುವವರೇ ಸಲಹೆಯನ್ನೂ ಕೊಡುತ್ತಿದ್ದರೆ ಇನ್ನಷ್ಟು ಎಚ್ಚರವಿರಲಿ. ಹಗರಿಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551 ಅನ್ನು ವಿಚಾರಿಸಿ.

5. ನೀರು ಬಳಕೆದಾರರ ಸಂಘದ ಸಭೆಯಲ್ಲಿ ನಿಮ್ಮ ವಿತರಣಾ ನಾಲೆಯ ದಿನದಿನದ ಹರಿವಿನ ಲೆಕ್ಕವನ್ನೂ, ನಿಮ್ಮ ಅಚ್ಚುಕಟ್ಟಿನ ಉಪಗ್ರಹ ನಕ್ಷೆಯನ್ನೂ ಬರವಣಿಗೆಯಲ್ಲಿ ಕೇಳಿ. ಒಬ್ಬರು ಕೇಳಿದರೆ ಅರ್ಜಿ, ಇಡೀ ನಾಲೆಯವರು ಕೇಳಿದರೆ ಒತ್ತಾಯ.

ವಿಜಯನಗರದ ಕಾಲುವೆಗಳನ್ನು ಕಟ್ಟಿದವರ ಬಳಿ ಉಪಗ್ರಹವಿರಲಿಲ್ಲ. ನೆಲದ ಇಳಿಜಾರನ್ನು ಅರಿತು ಕಟ್ಟಿದರು. ನೀರು ಇಂದಿಗೂ ಹರಿಯುತ್ತಿದೆ. ಅವರಿಗಿಲ್ಲದ ಆಕಾಶದ ಕಣ್ಣು ನಮಗೆ ದೊರೆತಿದೆ. ಅವರಿಗಿದ್ದ ನೆಲದ ಅರಿವನ್ನು ಕಳೆದುಕೊಳ್ಳದೆ ಅದನ್ನು ಬಳಸುವುದು ಜಾಣತನ. ಆಕಾಶದಿಂದ ಬಂದ ಲೆಕ್ಕ ಬದುವಿನ ಮೇಲೆ ನಿಂತವನ ಲೆಕ್ಕಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಪ್ರಶ್ನಿಸುವ ಹಕ್ಕು ಅವನಿಗಿರಬೇಕು. ಆ ಹಕ್ಕು ದೊರೆತ ದಿನ ಉಪಗ್ರಹ ನಮ್ಮ ನೇಗಿಲು, ಕೂರಿಗೆಗಳ ಸಾಲಿಗೆ ಸೇರಿದ ಇನ್ನೊಂದು ಬೇಸಾಯದ ಸಾಧನವಾಗುತ್ತದೆ.